ತಗಡಿನ ಮೇಲೆ ಎಲ್ಲಿ ತಟ್ಟಿದರು? ಮೂರು ಪೀಜೋ ಬಿಲ್ಲೆ, ಒಂದು ಪಿಕೋ, ಸ್ವಲ್ಪ ಹುರಿದ ರವೆ

ಒಂದು ಅಲ್ಯೂಮಿನಿಯಂ ತಗಡು, ಅದಕ್ಕೆ ಅಂಟಿಸಿದ ಮೂರು ಪೀಜೋ ಬಿಲ್ಲೆ (ಅಲುಗಿದರೆ ವೋಲ್ಟೇಜ್ ಕೊಡುವ, ವೋಲ್ಟೇಜ್ ಕೊಟ್ಟರೆ ಅಲುಗುವ ಸೆರಾಮಿಕ್ ಬಿಲ್ಲೆ). ತಗಡಿನ ಮೇಲೆ ಎಲ್ಲಾದರೂ ಸಣ್ಣ ಪೆಟ್ಟು ಕೊಟ್ಟರೆ ಆ ಜಾಗ ಲ್ಯಾಪ್‌ಟಾಪ್ ಪರದೆ ಮೇಲೆ ಚುಕ್ಕಿಯಾಗಿ ಕಾಣಬೇಕು. ಇಷ್ಟೇ ಪ್ರಾಜೆಕ್ಟ್. ಕೇಳೋಕೆ ತುಂಬ ಸುಲಭ. ಸದ್ದು ಮೂರು ಬಿಲ್ಲೆಗೂ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ, ಆ ವ್ಯತ್ಯಾಸವನ್ನು ವೇಗದಿಂದ ಗುಣಿಸಿದರೆ ದೂರದ ವ್ಯತ್ಯಾಸ ಸಿಗುತ್ತದೆ, ಉಳಿದಿದ್ದು ಹೈಸ್ಕೂಲಿನ ರೇಖಾಗಣಿತ. ಆದರೆ ಯಾವ ವೇಗ? ಅಲ್ಲೇ ಇರೋದು ಮಜಾ. ಪುಸ್ತಕ ತೆಗೆದು ನೋಡಿದರೆ ಅಲ್ಯೂಮಿನಿಯಂನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 6,300 ಮೀಟರ್ ಅಂತ ಇರುತ್ತದೆ. ಅದು ದಪ್ಪ ಗಟ್ಟಿಯೊಳಗಿನ ವೇಗ. 1 ಮಿಮೀ ತಗಡಿಗೆ ಆ ಸಂಖ್ಯೆ ಯಾವ ಉಪಯೋಗಕ್ಕೂ ಬರಲ್ಲ. ಇಲ್ಲಿ ಸೆಕೆಂಡಿಗೆ 400 ಮೀಟರ್ ಹೋಗುವ ಅಲೆಯೂ ಇದೆ, 5,400 ಮೀಟರ್ ಹೋಗುವ ಅಲೆಯೂ ಇದೆ. ಎರಡೂ ಒಂದೇ ಪೆಟ್ಟಿನಿಂದ ಹುಟ್ಟುತ್ತವೆ.

ಮೊದಲು ತಗಡಿನ ವಿಷಯ. ನಾನು ತಂದಿದ್ದು 2 ಅಡಿಗೆ 2 ಅಡಿ. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. 18 ಗೇಜ್ ಅಂದರೆ 1.22 ಮಿಮೀ, 20 ಗೇಜ್ ಅಂದರೆ 0.91 ಮಿಮೀ. ಕೆಲವರು ನೇರವಾಗಿ 1 ಮಿಮೀ ಅಂತಲೇ ಕೊಡುತ್ತಾರೆ. ಯಾರು ಏನೇ ಹೇಳಿದರೂ ದಪ್ಪ ನೀವೇ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಮುಂದಿನ ಲೆಕ್ಕವೆಲ್ಲ ನಿಂತಿರೋದು ಇದೊಂದರ ಮೇಲೆ. ವರ್ನಿಯರ್‌ನಲ್ಲಿ ಅಂಚು ಹಿಡಿದು ನೋಡಿದರೆ ಕತ್ತರಿಸಿದ ಕಡೆಯ ಕೊಸರು ಸೇರಿ ಜಾಸ್ತಿ ತೋರಿಸುತ್ತದೆ. ಅದಕ್ಕಿಂತ ತೂಕ ಹಾಕೋದು ಒಳ್ಳೇದು. ಅಲ್ಯೂಮಿನಿಯಂ ಸಾಂದ್ರತೆ ಘನ ಮೀಟರಿಗೆ 2,700 ಕೆಜಿ. 2 ಅಡಿ ಚೌಕದ ತಗಡು ಸರಿಯಾಗಿ 1 ಮಿಮೀ ಇದ್ದರೆ ತೂಕ ಹತ್ತಿರ ಹತ್ತಿರ 1 ಕೆಜಿ, ಒಂದೆರಡು ಗ್ರಾಂ ಆಚೀಚೆ. ಅಂದರೆ ಅಡುಗೆಮನೆ ತಕ್ಕಡಿಯಲ್ಲಿ 910 ಗ್ರಾಂ ಬಂದರೆ ನಿಮ್ಮ ತಗಡು 0.91 ಮಿಮೀ. ಇದಕ್ಕಿಂತ ಸುಲಭದ ಮೈಕ್ರೋಮೀಟರ್ ಎಲ್ಲೂ ಸಿಗಲ್ಲ.

ಅದೇ ಅಂಗಡಿಯಲ್ಲಿ 3 ಸೆಂಟಿಮೀಟರ್ ಅಗಲದ, 2 ಅಡಿ ಉದ್ದದ ಒಂದು ಪಟ್ಟಿಯನ್ನೂ ಕತ್ತರಿಸಿ ಕೊಡಿ ಅಂತ ಕೇಳಿ. ಅದು ರವೆ ಆಟಕ್ಕೆ ಬೇಕು.

ರವೆ ಆಟ

ತಗಡು ಬಾಗುವ ಅಲೆಯ ವೇಗ ಆವರ್ತನದ ಮೇಲೆ ನಿಂತಿದೆ ಅಂತ ಓದಿದರೆ ತಲೆಗೆ ಹೋಗಲ್ಲ. ಕಣ್ಣಲ್ಲಿ ನೋಡಬೇಕು. ಪಟ್ಟಿಯ ಒಂದು ತುದಿಯಲ್ಲಿ, ಅಗಲದ ನಟ್ಟನಡುವೆ, ಬಜರ್‌ನೊಳಗೆ ಬರುವ ಪೀಜೋ ಬಿಲ್ಲೆ ಒಂದನ್ನು ಅಂಟಿಸಿ. ಪಟ್ಟಿಯನ್ನು ಎರಡು ಸಣ್ಣ ಸ್ಪಂಜು ತುಂಡುಗಳ ಮೇಲೆ ಇಡಿ. ಫೋನಿನಲ್ಲಿ ಟೋನ್ ಜನರೇಟರ್ ಆಪ್, ಅಲ್ಲಿಂದ ಒಂದು ಸಣ್ಣ ಆಡಿಯೋ ಆಂಪ್ಲಿಫೈಯರ್, ಅಲ್ಲಿಂದ ಬಿಲ್ಲೆಗೆ. ಪೀಜೋಗೆ ಕರೆಂಟ್ ಬೇಡ, ವೋಲ್ಟೇಜ್ ಬೇಕು. ಹಾಗಾಗಿ ನಡುವೆ ಹಳೇ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಹಾಕಿದೆ, ಸ್ಪೀಕರ್ ಕಡೆ ಆಂಪ್ಲಿಫೈಯರಿಗೆ, ಇನ್ನೊಂದು ಕಡೆ ಬಿಲ್ಲೆಗೆ. ಆ ಕಡೆ ಹತ್ತಾರು ವೋಲ್ಟ್ ಬರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಮೇಲೆ ರವೆ ಉದುರಿಸಿ. ಚಿರೋಟಿ ರವೆ ಬೇಡ, ಅದು ತಗಡಿಗೆ ಅಂಟಿಕೊಂಡು ಕೂರುತ್ತದೆ. ಉಪ್ಪಿಟ್ಟಿನ ರವೆಯನ್ನು ಎಣ್ಣೆ ಹಾಕದೆ ಸ್ವಲ್ಪ ಹುರಿದು ಆರಿಸಿ ಹಾಕಿದರೆ ತೇವ ಹೋಗಿ ಚೆನ್ನಾಗಿ ಓಡಾಡುತ್ತದೆ. ಟೋನನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. 2 ಕಿಲೋಹರ್ಟ್ಸ್ ಸುತ್ತ ಒಂದು ಕಡೆ ಪಟ್ಟಿ ಗಟ್ಟಿಯಾಗಿ ಕೂಗಲು ಶುರು ಮಾಡುತ್ತದೆ, ರವೆಯೆಲ್ಲ ಕುಣಿದು ಕುಣಿದು ಅಡ್ಡ ಗೆರೆಗಳಾಗಿ ನಿಲ್ಲುತ್ತದೆ. ಗೆರೆ ಅಂದರೆ ತಗಡು ಅಲುಗಾಡದ ಜಾಗ. ಎರಡು ಗೆರೆಗಳ ನಡುವಿನ ದೂರ ಅರ್ಧ ಅಲೆಯುದ್ದ. ತುದಿಯ ಒಂದೆರಡು ಗೆರೆ ಬಿಡಿ, ಅಲ್ಲಿ ಅಂತರ ಬೇರೆ ಇರುತ್ತದೆ. ಮಧ್ಯದ ಹತ್ತು ಅಂತರಗಳನ್ನು ಒಟ್ಟಿಗೆ ಸ್ಕೇಲಿನಲ್ಲಿ ಅಳೆದು ಹತ್ತರಿಂದ ಭಾಗಿಸಿ. 34 ಮಿಮೀ ಹತ್ತಿರ ಬರಬೇಕು. ಅಂದರೆ ಅಲೆಯುದ್ದ 68 ಮಿಮೀ, ಅದನ್ನು 2,000ದಿಂದ ಗುಣಿಸಿದರೆ ವೇಗ ಸೆಕೆಂಡಿಗೆ 136 ಮೀಟರ್. ಗಾಳಿಯಲ್ಲಿ ಸದ್ದು ಹೋಗುವ ವೇಗದ ಅರ್ಧವೂ ಇಲ್ಲ! ಲೋಹದಲ್ಲಿ ಸದ್ದು ಗಾಳಿಗಿಂತ ಜೋರಾಗಿ ಹೋಗುತ್ತದೆ ಅಂತ ಶಾಲೆಯಲ್ಲಿ ಕಲಿತವರಿಗೆ ಇದು ಸ್ವಲ್ಪ ಕಸಿವಿಸಿಯೇ.

ಈಗ 8 ಕಿಲೋಹರ್ಟ್ಸ್ ಸುತ್ತ ಹೋಗಿ. ಆವರ್ತನ ನಾಲ್ಕು ಪಟ್ಟಾಯಿತು, ಗೆರೆಗಳ ಅಂತರ ಮಾತ್ರ 17 ಮಿಮೀ ಹತ್ತಿರ, ಬರೀ ಅರ್ಧ. ವೇಗ ಎಲ್ಲ ಆವರ್ತನಕ್ಕೂ ಒಂದೇ ಆಗಿದ್ದರೆ ಅಂತರ ಕಾಲು ಭಾಗಕ್ಕೆ ಇಳಿಯಬೇಕಿತ್ತು. ಇಳಿದಿಲ್ಲ ಅಂದರೆ ಅಲೆಯೇ ಎರಡು ಪಟ್ಟು ವೇಗವಾಗಿದೆ. ಆವರ್ತನದ ವರ್ಗಮೂಲಕ್ಕೆ ತಕ್ಕಂತೆ ವೇಗ ಏರುತ್ತದೆ ಅನ್ನೋದು ಇದೇ. ದಪ್ಪಕ್ಕೂ ಅದೇ ವರ್ಗಮೂಲದ ಲೆಕ್ಕ. ಗೆರೆಗಳು ಇಲ್ಲಿ ಸ್ವಲ್ಪ ಬಿಲ್ಲಿನ ಹಾಗೆ ಬಾಗಿರುತ್ತವೆ, ಅಲೆಯುದ್ದ ಪಟ್ಟಿಯ ಅಗಲಕ್ಕೆ ಹತ್ತಿರ ಬರುತ್ತಿದೆ ಅಂತ ಅರ್ಥ, ಗಾಬರಿ ಬೇಡ. ಅಂದಹಾಗೆ ಈ ಆಟವನ್ನು ಮನೆಯಲ್ಲಿ ಯಾರೂ ಇಲ್ಲದಾಗ ಆಡಿ. "ಅದೇನೋ ಅದು, ಕಿವಿ ಕೊರೀತಾ ಇದೆ, ನಿಲ್ಸೋ" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿದ್ದರು, ಅದೂ ರವೆ ಡಬ್ಬ ಎಲ್ಲಿ ಹೋಯಿತು ಅಂತ ಗೊತ್ತಾಗುವ ಮುಂಚೆ.

ಹೀಗೆ ಪುಡಿ ಉದುರಿಸಿ ನೋಡುವ ವಿದ್ಯೆ ಹಳೇದು. ಜರ್ಮನಿಯ ಎರ್ನ್‌ಸ್ಟ್ ಕ್ಲಾಡ್ನಿ 1787ರಲ್ಲೇ ಮರಳು ಹಾಕಿ, ತಗಡಿನ ಅಂಚಿಗೆ ಪಿಟೀಲಿನ ಕಮಾನು ಎಳೆದು ಇಂಥ ಚಿತ್ರಗಳನ್ನು ಬರೆದಿಟ್ಟ. ಅದರ ಗಣಿತಕ್ಕೆ ಫ್ರೆಂಚ್ ಅಕಾಡೆಮಿ ಬಹುಮಾನ ಇಟ್ಟಿತ್ತು, 1816ರಲ್ಲಿ ಅದನ್ನು ಗೆದ್ದದ್ದು ಸೋಫಿ ಜರ್ಮೇನ್. ನಮ್ಮ ಕೆಲಸಕ್ಕೆ ಬೇಕಾದ ಪೂರ್ತಿ ಲೆಕ್ಕ ಬಂದಿದ್ದು 1917ರಲ್ಲಿ, ಹೊರೇಸ್ ಲ್ಯಾಂಬ್ ಎಂಬ ಇಂಗ್ಲಿಷ್ ಗಣಿತಜ್ಞನಿಂದ. ತಗಡಿನ ಅಲೆಗಳಿಗೆ ಲ್ಯಾಂಬ್ ಅಲೆ ಅಂತ ಹೆಸರು ಬಂದಿದ್ದು ಅವನಿಂದಲೇ.

ಎರಡು ಜಾತಿ ಅಲೆ

ತೆಳು ತಗಡಿನ ಎರಡೂ ಮುಖ ಖಾಲಿ ಗಾಳಿಗೆ ತೆರೆದಿರುತ್ತವೆ. ಒಳಗಿನ ಅಲೆ ಮೇಲಿನ ಮುಖಕ್ಕೂ ಕೆಳಗಿನ ಮುಖಕ್ಕೂ ಬಡಿದು ಬಡಿದು ಸಾಗಬೇಕು, ಹಾಗೆ ಸಾಗುವಾಗ ಕೆಲವೇ ಆಕಾರಗಳು ಉಳಿಯುತ್ತವೆ. ಎರಡು ಮುಖವೂ ಒಟ್ಟಿಗೆ ಮೇಲೆ ಕೆಳಗೆ ಬಾಗಿದರೆ ಅದು ಒಂದು ಜಾತಿ, ಅದರಲ್ಲಿ ಮೊದಲನೆಯದು ಎ-ಸೊನ್ನೆ. ಎರಡು ಮುಖವೂ ಒಟ್ಟಿಗೆ ಉಬ್ಬಿ ಕುಗ್ಗಿದರೆ, ಅಂದರೆ ತಗಡು ಉದ್ದಕ್ಕೆ ಎಳೆದು ಬಿಟ್ಟ ಹಾಗೆ ಆದರೆ, ಇನ್ನೊಂದು ಜಾತಿ, ಅದರ ಮೊದಲನೆಯದು ಎಸ್-ಸೊನ್ನೆ. ಇವುಗಳ ಮೇಲೆ ಎ-ಒಂದು, ಎಸ್-ಒಂದು ಅಂತ ಇನ್ನೂ ಸಾಲುಸಾಲು ಇವೆ, ಆದರೆ 1 ಮಿಮೀ ಅಲ್ಯೂಮಿನಿಯಂನಲ್ಲಿ ಅವು ಹುಟ್ಟಬೇಕಾದರೆ ಆವರ್ತನ 1.5 ಮೆಗಾಹರ್ಟ್ಸ್ ದಾಟಬೇಕು. ನಾವು ಅದರ ಹತ್ತಿರಕ್ಕೂ ಹೋಗಲ್ಲ. ಹಾಗಾಗಿ ನಮ್ಮ ತಲೆನೋವು ಎರಡೇ.

ಎಸ್-ಸೊನ್ನೆ ಸಭ್ಯ ಅಲೆ. ನಮ್ಮ ಆವರ್ತನಗಳಲ್ಲಿ ಅದರ ವೇಗ ಬದಲಾಗಲ್ಲ, ಸೆಕೆಂಡಿಗೆ 5,400 ಮೀಟರ್. ಎ-ಸೊನ್ನೆ ರವೆಯಲ್ಲಿ ಕಂಡ ಬಾಗುವ ಅಲೆ, ಅದಕ್ಕೆ ಆವರ್ತನಕ್ಕೊಂದು ವೇಗ. ಅದರಲ್ಲಿ ಇನ್ನೊಂದು ತೊಡಕಿದೆ. ರವೆಯಲ್ಲಿ ಅಳೆದದ್ದು ಅಲೆಯ ಒಂದು ಶಿಖರ ಎಷ್ಟು ವೇಗವಾಗಿ ಹೋಗುತ್ತದೆ ಅಂತ. ಪೆಟ್ಟು ಕೊಟ್ಟಾಗ ಹೋಗೋದು ಒಂದು ಶಿಖರ ಅಲ್ಲ, ಅಲೆಗಳ ಒಂದು ಗುಂಪು, ಗುಂಪಿನ ವೇಗ ಶಿಖರದ ವೇಗದ ಎರಡು ಪಟ್ಟು. ಕೆರೆಗೆ ಕಲ್ಲು ಹಾಕಿ ದೊಡ್ಡ ಅಲೆಗಳನ್ನು ಗಮನಿಸಿದರೆ ಇದಕ್ಕೆ ಉಲ್ಟಾ ಕಾಣುತ್ತದೆ: ಅಲ್ಲಿ ಗುಂಪು ನಿಧಾನ, ಶಿಖರಗಳು ಹಿಂದಿನಿಂದ ಹುಟ್ಟಿ ಗುಂಪನ್ನು ದಾಟಿ ಮುಂದೆ ಹೋಗಿ ಸಾಯುತ್ತವೆ. ತಗಡಿನಲ್ಲಿ ಗುಂಪು ಓಡುತ್ತದೆ, ಶಿಖರಗಳು ಅದರೊಳಗೇ ಹಿಂದೆ ಬೀಳುತ್ತವೆ.

1 ಮಿಮೀ ತಗಡಿಗೆ ಗುಂಪಿನ ವೇಗ ಹೀಗೆ ಬರುತ್ತದೆ: 5 ಕಿಲೋಹರ್ಟ್ಸ್‌ನಲ್ಲಿ ಸುಮಾರು 440 ಮೀಟರ್, 20ರಲ್ಲಿ 865, 50ರಲ್ಲಿ 1,300. ಬರೀ ವರ್ಗಮೂಲದ ಲೆಕ್ಕ ಹಾಕಿದರೆ ಕೊನೆಯದಕ್ಕೆ 1,400 ಬರಬೇಕಿತ್ತು, ಆದರೆ ಆವರ್ತನ ಏರಿದ ಹಾಗೆ ತಗಡು ಬಾಗೋದರ ಜೊತೆಗೆ ದಪ್ಪದಲ್ಲಿ ಜಾರೋದೂ ಸೇರಿ ವೇಗ ಸ್ವಲ್ಪ ತಗ್ಗುತ್ತದೆ. ಇನ್ನು ದೂರಕ್ಕೆ ಹಾಕಿ ನೋಡಿ. ಪೆಟ್ಟಿನಿಂದ 40 ಸೆಂಟಿಮೀಟರ್ ದೂರದ ಬಿಲ್ಲೆಗೆ ಎಸ್-ಸೊನ್ನೆ 74 ಮೈಕ್ರೋಸೆಕೆಂಡಿನಲ್ಲಿ ಮುಟ್ಟುತ್ತದೆ. ಬಾಗುವ ಅಲೆಯ 50 ಕಿಲೋಹರ್ಟ್ಸ್ ಭಾಗ 308ಕ್ಕೆ ಬರುತ್ತದೆ, 20ರ ಭಾಗ 462ಕ್ಕೆ, 5ರ ಭಾಗ 909ಕ್ಕೆ. ಒಂದು ಚುಟುಕು ಪೆಟ್ಟು ಅಲ್ಲಿಗೆ ತಲುಪುವ ಹೊತ್ತಿಗೆ ಉದ್ದಕ್ಕೆ ಎಳೆದುಹೋಗಿರುತ್ತದೆ, ಸಣ್ಣ ಅಲೆಗಳು ಮುಂದೆ, ದೊಡ್ಡವು ಹಿಂದೆ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲ್ಲು ಎಸೆದರೆ ದೂರದಲ್ಲಿ ನಿಂತವರಿಗೆ 'ಪ್ಯೂಂ' ಅಂತ ಇಳಿಯುವ ಸ್ವರ ಕೇಳೋದು ಇದೇ ಕಾರಣಕ್ಕೆ.

ಬಿಲ್ಲೆ ಅಂಟಿಸೋದು

ಬಿಲ್ಲೆ ಎಸ್‌.ಪಿ. ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಎಲ್ಲರೂ ಕೊಡೋದು 27 ಮಿಮೀ ಹಿತ್ತಾಳೆ ಬಿಲ್ಲೆ, ಮೇಲೆ 20 ಮಿಮೀ ಬಿಳಿ ಸೆರಾಮಿಕ್. ಅದು ಬೇಡ, 12 ಮಿಮೀದು ಕೇಳಿ ತೆಗೆದುಕೊಳ್ಳಿ. 20 ಕಿಲೋಹರ್ಟ್ಸ್‌ನಲ್ಲಿ ಅಲೆಯುದ್ದ 22 ಮಿಮೀ. ಸೆರಾಮಿಕ್ಕೇ ಅಷ್ಟು ಅಗಲ ಇದ್ದರೆ ಅದರ ಒಂದು ಭಾಗ ಹಿಗ್ಗುವಾಗ ಇನ್ನೊಂದು ಭಾಗ ಕುಗ್ಗುತ್ತಿರುತ್ತದೆ, ಎರಡರ ವೋಲ್ಟೇಜೂ ಒಂದನ್ನೊಂದು ಹೊಡೆದುಹಾಕಿ ಹೊರಗೆ ಬರೋದು ಸ್ವಲ್ಪವೇ. ದೊಡ್ಡ ಬಿಲ್ಲೆ ಜಾಸ್ತಿ ಸಿಗ್ನಲ್ ಕೊಡುತ್ತದೆ ಅನ್ನೋದು ಬಜರಿಗೆ ಸರಿ, ಇಲ್ಲಿಗಲ್ಲ.

ಅಂಟಿಸುವ ಮುಂಚೆಯೇ ವೈರ್ ಬೆಸುಗೆ ಹಾಕಿಕೊಳ್ಳಿ. ಸೆರಾಮಿಕ್ ಮೇಲಿನ ಬೆಳ್ಳಿ ಪದರ ತುಂಬ ತೆಳು, ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಇಟ್ಟರೆ ಬೆಳ್ಳಿಯೇ ಸೀಸದೊಳಗೆ ಕರಗಿ ಕೆಳಗಿನ ಕಂದು ಬಣ್ಣ ಕಾಣುತ್ತದೆ. ದಪ್ಪ ವೈರ್ ಬೇಡ, ಅದರ ಭಾರವೇ ಬಿಲ್ಲೆಯನ್ನು ಅದುಮುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಎನಾಮೆಲ್ ತಂತಿ ಸಾಕು. ತಗಡನ್ನು 400 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ, ನೇಲ್ ಪಾಲಿಶ್ ರಿಮೂವರಿನಲ್ಲಿ ಒರೆಸಿ, ಫೆವಿಕ್ವಿಕ್ ಒಂದು ಹನಿ, ಹಿತ್ತಾಳೆ ಕಡೆ ಕೆಳಗೆ ಮಾಡಿ ಒತ್ತಿ ಹಿಡಿಯೋದು. ಅಂಟು ಆದಷ್ಟು ತೆಳುವಾಗಿರಬೇಕು. ಎರಡು ಕಡೆ ಅಂಟುವ ಫೋಮ್ ಟೇಪ್ ಹಾಕಿದರೆ ಬಿಲ್ಲೆ ನಿಲ್ಲುತ್ತದೆ, ಸಿಗ್ನಲ್ ನಿಲ್ಲಲ್ಲ, ಅದರಲ್ಲೂ ಮೇಲಿನ ಆವರ್ತನಗಳನ್ನು ಟೇಪೇ ನುಂಗಿಬಿಡುತ್ತದೆ. ತಗಡನ್ನು ಸರ್ಕ್ಯೂಟಿನ ಗ್ರೌಂಡಿಗೆ ಒಂದು ಸ್ಕ್ರೂ ಹಾಕಿ ಜೋಡಿಸಿ. ಇಲ್ಲದಿದ್ದರೆ ಇಡೀ ತಗಡು ಆಂಟೆನಾ ಆಗಿ ಮನೆಯ 50 ಹರ್ಟ್ಸ್ ಎಲ್ಲವನ್ನೂ ಹಿಡಿದು ಕೊಡುತ್ತದೆ.

ಮೂರು ಬಿಲ್ಲೆಯನ್ನೂ ತ್ರಿಕೋನವಾಗಿ, ಅಂಚಿನಿಂದ 12 ಸೆಂಟಿಮೀಟರ್ ಒಳಗೆ ಇಟ್ಟೆ. ಅಂಚಿಗೆ ಹತ್ತಿರ ಇದ್ದರೆ ನೇರ ಬಂದ ಅಲೆಗೂ ಅಂಚಿಗೆ ಬಡಿದು ಬಂದ ಅಲೆಗೂ ವ್ಯತ್ಯಾಸ ಗೊತ್ತಾಗಲ್ಲ. ತಗಡಿನ ಸುತ್ತಲೂ ಅಂಚಿಗೆ ಮಕ್ಕಳ ಆಟದ ಕ್ಲೇಯನ್ನು ಹುರಿ ಮಾಡಿ ಎರಡೂ ಮುಖಕ್ಕೆ ಸೇರುವಂತೆ ಒತ್ತಿದೆ. ಸಿಗ್ನಲ್ಲನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸ್ಸಿಲೋಸ್ಕೋಪಿನಲ್ಲಿ ಕ್ಲೇ ಹಾಕುವ ಮುಂಚೆಯ ಚಿತ್ರ, ಆಮೇಲಿನ ಚಿತ್ರ ಪಕ್ಕಪಕ್ಕ ನೋಡಬೇಕು ನೀವು. ಮುಂಚೆ ಒಂದು ಪೆಟ್ಟಿಗೆ ಪರದೆ ತುಂಬ ಗಲಾಟೆ, ಹತ್ತಾರು ಮಿಲಿಸೆಕೆಂಡ್ ಆದರೂ ಅಲೆ ಅಂಚಿಂದ ಅಂಚಿಗೆ ಓಡಾಡುತ್ತಲೇ ಇರುತ್ತದೆ. ಕ್ಲೇ ಹಾಕಿದ ಮೇಲೆ ಒಂದು ಗುಂಪು ಬಂತು, ಹಿಂದೆ ಒಂದೆರಡು ಮರಿ, ಆಮೇಲೆ ಶಾಂತ.

ಇಲ್ಲಿ ಒಂದು ಪಕ್ಕದ ಪ್ರಯೋಗ ಮಾಡಿ, ಪ್ರಾಜೆಕ್ಟಿಗೆ ಬೇಕಿಲ್ಲ, ಸುಮ್ನೆ ನೋಡೋಕೆ. ಒಂದು ಬಿಲ್ಲೆಯ ನೇರ ಕೆಳಗೆ, ತಗಡಿನ ಆ ಕಡೆ ಮುಖಕ್ಕೆ, ಇನ್ನೊಂದು ಬಿಲ್ಲೆ ಅಂಟಿಸಿ. ಎರಡನ್ನೂ ಸ್ಕೋಪಿನ ಎರಡು ಚಾನೆಲ್ಲಿಗೆ ಕೊಡಿ. ಪೆಟ್ಟು ಬಿದ್ದಾಗ ಮೊದಲು ಒಂದು ಪುಟ್ಟ ಅಲೆ ಬರುತ್ತದೆ, ಎರಡೂ ಚಾನೆಲ್ಲಿನಲ್ಲಿ ಒಂದೇ ದಿಕ್ಕಿಗೆ. ಆಮೇಲೆ ದೊಡ್ಡ ಅಲೆ, ಒಂದರಲ್ಲಿ ಮೇಲೆ ಹೋದಾಗ ಇನ್ನೊಂದರಲ್ಲಿ ಕೆಳಗೆ. ಬಾಗುವಾಗ ಮೇಲಿನ ಮುಖ ಹಿಗ್ಗಿದರೆ ಕೆಳಗಿನದು ಕುಗ್ಗುತ್ತದೆ ಅಲ್ವಾ, ಅದು. ಸ್ಕೋಪಿನ ಮ್ಯಾತ್ ಬಟನ್ ಒತ್ತಿ ಎರಡನ್ನೂ ಕೂಡಿಸಿದರೆ ದೊಡ್ಡ ಅಲೆ ಬಹುಪಾಲು ಮಾಯವಾಗಿ ಎಸ್-ಸೊನ್ನೆ ಮಾತ್ರ ಉಳಿಯುತ್ತದೆ, ಕಳೆದರೆ ಎ-ಸೊನ್ನೆ ಮಾತ್ರ. ಲ್ಯಾಂಬ್ ಸಮೀಕರಣ ಬರೆದು ಎರಡು ಭಾಗ ಮಾಡಿದ್ದನ್ನು ಎರಡು ಅಗ್ಗದ ಬಿಲ್ಲೆ ಕಣ್ಣಮುಂದೆ ಮಾಡಿ ತೋರಿಸುತ್ತವೆ.

ಪೆಟ್ಟು ಕೊಡೋದು ಹೇಗೆ

ಬೆರಳಲ್ಲಿ ತಟ್ಟಿದರೆ ಆಗಲ್ಲ. ಬೆರಳಿನ ಮೆತ್ತನೆ ತುದಿ ತಗಡಿಗೆ ತಾಗಿ ಬಿಡುವಷ್ಟರಲ್ಲಿ ಮಿಲಿಸೆಕೆಂಡುಗಳೇ ಕಳೆದಿರುತ್ತವೆ, ಅದರಿಂದ 20 ಕಿಲೋಹರ್ಟ್ಸ್ ಹುಟ್ಟೋದೇ ಇಲ್ಲ. 4 ಮಿಮೀ ಸ್ಟೀಲ್ ಬಾಲನ್ನು, ಸೈಕಲ್ ಬೇರಿಂಗಿನದ್ದು, ಒಂದು ಗೇಣು ಎತ್ತರದಿಂದ ಬಿಟ್ಟರೆ ತಾಗಿರುವ ಹೊತ್ತು ಹತ್ತಿಪ್ಪತ್ತು ಮೈಕ್ರೋಸೆಕೆಂಡ್ ಅಷ್ಟೇ, ಬೇಕಾದಷ್ಟು ಮೇಲಿನ ಆವರ್ತನ ಸಿಗುತ್ತದೆ. ಆದರೆ ಪುಟಿದು ಮತ್ತೆ ಮತ್ತೆ ಬೀಳುತ್ತದೆ, ಅದೊಂದು ಕಿರಿಕಿರಿ.

ಇದಕ್ಕಿಂತ ಚೆನ್ನಾದದ್ದು ಕ್ಲಚ್ ಪೆನ್ಸಿಲ್. 0.5 ಮಿಮೀ, 2ಎಚ್ ಕಡ್ಡಿ. ಮೂರು ಮಿಲಿಮೀಟರಿನಷ್ಟು ಹೊರಗೆ ಬಿಟ್ಟು, ಓರೆಯಾಗಿ ತಗಡಿಗೆ ಒತ್ತಿ ಪಟ್ ಅಂತ ಮುರಿಯೋದು. ಒತ್ತುವಾಗ ತಗಡು ಕಣ್ಣಿಗೆ ಕಾಣದಷ್ಟು ತಗ್ಗಿರುತ್ತದೆ, ಕಡ್ಡಿ ಮುರಿದ ಕ್ಷಣ ಅದು ಒಮ್ಮೆಲೇ ಬಿಡುಗಡೆ ಆಗುತ್ತದೆ. ಇದು ತಮಾಷೆಯಲ್ಲ, ಟ್ಯಾಂಕು, ಪೈಪು, ವಿಮಾನದ ರೆಕ್ಕೆಗಳಲ್ಲಿ ಬಿರುಕಿನ ಸದ್ದು ಕೇಳುವವರು ತಮ್ಮ ಸೆನ್ಸಾರ್ ಸರಿ ಇದೆಯಾ ಅಂತ ನೋಡೋದೂ ಹೀಗೆಯೇ. ಹ್ಸು-ನೀಲ್ಸನ್ ಮೂಲ ಅಂತ ಅದಕ್ಕೆ ಹೆಸರು. ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ಥರ ಪೆಟ್ಟು ಸಿಗುತ್ತದೆ, ಖರ್ಚು ಒಂದು ಡಬ್ಬ ಕಡ್ಡಿ. ತಗಡಿನ ಮೇಲೆ ಮುರಿದರೆ ಬಾಗುವ ಅಲೆಯೇ ದೊಡ್ಡದು, ಎಸ್-ಸೊನ್ನೆ ಕಂಡೂ ಕಾಣದ ಹಾಗೆ. ಅದೇ ಕಡ್ಡಿಯನ್ನು ತಗಡಿನ ಕತ್ತರಿಸಿದ ಅಂಚಿನ ಮೇಲೆ, ತಗಡಿನ ಸಮಕ್ಕೆ ಒತ್ತಿ ಮುರಿಯಿರಿ, ಎಸ್-ಸೊನ್ನೆ ಎದ್ದು ನಿಲ್ಲುತ್ತದೆ. ಅಷ್ಟು ಜಾಗದ ಕ್ಲೇ ಮಾತ್ರ ತೆಗೆಯಬೇಕು.

ಸರ್ಕ್ಯೂಟ್ ಬೇಗ ಹೇಳಿ ಮುಗಿಸುತ್ತೇನೆ. 12 ಮಿಮೀ ಬಿಲ್ಲೆಯ ಕೆಪಾಸಿಟೆನ್ಸ್ ಮೀಟರಿನಲ್ಲಿ 10 ನ್ಯಾನೋಫ್ಯಾರಡ್ ಹತ್ತಿರ ಬಂತು. ಅದಕ್ಕೆ ಅಡ್ಡ 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ 16 ಕಿಲೋಹರ್ಟ್ಸ್ ಕೆಳಗಿನದೆಲ್ಲ ತಾನಾಗಿಯೇ ತಗ್ಗುತ್ತದೆ, ಬೇರೆ ಫಿಲ್ಟರ್ ಬೇಡ. ಬಹಳ ಸರ್ಕ್ಯೂಟುಗಳಲ್ಲಿ 1 ಮೆಗಾಓಮ್ ಬರೆದಿರುತ್ತಾರೆ, ಅದು ಬಾಗಿಲು ತಟ್ಟಿದ್ದು ಗೊತ್ತಾಗೋಕೆ ಸರಿ. ಎರಡು 1ಎನ್4148 ಡಯೋಡ್ ರಕ್ಷಣೆಗೆ, ಆಮೇಲೆ ಸಿಗ್ನಲ್ಲನ್ನು 30 ಪಟ್ಟು ದೊಡ್ಡದು ಮಾಡುವ ಆಪ್-ಆಂಪ್ ಚಿಪ್. 3.3 ವೋಲ್ಟಿನಲ್ಲಿ ಟಿಎಲ್072 ಕೆಲಸ ಮಾಡಲ್ಲ. ಎಂಸಿಪಿ6002 ಮಾಡುತ್ತದೆ, ಆದರೆ 30 ಪಟ್ಟಿಗೆ ಅದರ ಉಸಿರು 33 ಕಿಲೋಹರ್ಟ್ಸ್‌ಗೇ ಮುಗಿಯುತ್ತದೆ. ಎಂಸಿಪಿ6022 ಹಾಕಿ, ನಿಶ್ಚಿಂತೆ. ಔಟ್‌ಪುಟ್ಟನ್ನು 1.65 ವೋಲ್ಟಿನ ಮೇಲೆ ಕೂರಿಸಿ ರಾಸ್ಪ್‌ಬೆರಿ ಪೈ ಪಿಕೋ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನ ಮೂರು ಅನಲಾಗ್ ಪಿನ್ನುಗಳಿಗೆ. ಪಿಕೋ ಸೆಕೆಂಡಿಗೆ 5 ಲಕ್ಷ ಸ್ಯಾಂಪಲ್ ತೆಗೆಯುತ್ತದೆ, ಮೂರು ಪಿನ್ನಿಗೆ ಸರದಿಯಲ್ಲಿ ಹಂಚಿದರೆ ಒಂದೊಂದಕ್ಕೆ 6 ಮೈಕ್ರೋಸೆಕೆಂಡಿಗೊಂದು. ಸರದಿ ಅಂದಮೇಲೆ ಎರಡನೆಯದು 2, ಮೂರನೆಯದು 4 ಮೈಕ್ರೋಸೆಕೆಂಡ್ ತಡ, ಕೋಡಿನಲ್ಲಿ ಅದನ್ನು ಆಯಾ ಚಾನೆಲ್ಲಿನ ಹೊತ್ತಿಗೆ ಕೂಡಿಸಲೇಬೇಕು.

ಯಾವ ಕ್ಷಣವನ್ನು 'ಬಂತು' ಅನ್ನೋದು

ಸುಲಭದ ದಾರಿ ಒಂದು ಗೆರೆ ಹಾಕೋದು. ಸಿಗ್ನಲ್ ಗೆರೆ ದಾಟಿದರೆ ಬಂತು ಅಂತ ಲೆಕ್ಕ. ಗಾಳಿಯ ಸದ್ದಿಗೆ ಇದು ಸಾಕು. ತಗಡಿಗೆ ಸಾಲಲ್ಲ. ಹತ್ತಿರದ ಬಿಲ್ಲೆಯಲ್ಲಿ ಸಿಗ್ನಲ್ ಜೋರಾಗಿರುತ್ತದೆ, ಮುಂದೆ ಓಡಿ ಬಂದ 50 ಕಿಲೋಹರ್ಟ್ಸ್ ಅಲೆಯೇ ಗೆರೆ ದಾಟುತ್ತದೆ. ದೂರದ ಬಿಲ್ಲೆಗೆ ಬರುವಷ್ಟರಲ್ಲಿ ಅದು ಹರಡಿ ಸೊರಗಿರುತ್ತದೆ, ಗೆರೆ ದಾಟೋದು ಹಿಂದಿನಿಂದ ಬಂದ 20ರ ಅಲೆ. ಎರಡು ಬೇರೆ ಬೇರೆ ಅಲೆಗಳ ಹೊತ್ತನ್ನು ಕಳೆದು ಒಂದೇ ವೇಗದಿಂದ ಗುಣಿಸಿದರೆ ಚುಕ್ಕಿ ಎಲ್ಲೋ ಹೋಗಿ ಕೂರುತ್ತದೆ, ಪೆಟ್ಟು ಜೋರಾದರೆ ಒಂದು ಕಡೆ, ಮೆತ್ತಗಾದರೆ ಇನ್ನೊಂದು ಕಡೆ. ಗೆರೆ ಎಷ್ಟು ಮೇಲೆ ಕೆಳಗೆ ಮಾಡಿದರೂ ಇದು ಸರಿಹೋಗಲ್ಲ. ಎಲೆಕ್ಟ್ರಾನಿಕ್ಸ್ ಎಷ್ಟೇ ದುಬಾರಿ ಹಾಕಿದರೂ ಅಷ್ಟೇ, ಯಾಕೆಂದರೆ ತೊಂದರೆ ಇರೋದು ತಗಡಿನಲ್ಲಿ.

ಹಾಗಾಗಿ ಮೂರು ಬಿಲ್ಲೆಯಲ್ಲೂ ಒಂದೇ ಆವರ್ತನವನ್ನು ಹುಡುಕಬೇಕು. ನಾನು ಹಿಡಿದದ್ದು 20 ಕಿಲೋಹರ್ಟ್ಸ್. ಪಿಕೋ ಒಳಗೆ ಮೂರ್ನಾಲ್ಕು ಮಿಲಿಸೆಕೆಂಡಿನ ದಾಖಲೆ ಸದಾ ಸುತ್ತುತ್ತಿರುತ್ತದೆ, ಯಾವುದಾದರೂ ಚಾನೆಲ್ ಎದ್ದರೆ ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಅಲ್ಲಿ ಪೈಥಾನ್‌ನಲ್ಲಿ 20 ಕಿಲೋಹರ್ಟ್ಸ್‌ನ ಐದಾರು ಸುತ್ತಿನ ಒಂದು ಅಲೆಯ ತುಣುಕು ಮಾಡಿ, ಆಚೀಚೆ ನಯವಾಗಿ ಇಳಿಯುವ ಹಾಗೆ ಗಂಟೆಯಾಕಾರದ ಗಾಸಿಯನ್ ಹೊದಿಸಿ, ಅದನ್ನು ದಾಖಲೆಯ ಮೇಲೆ ಸರಿಸುತ್ತಾ ಎಲ್ಲಿ ಅತಿ ಹೆಚ್ಚು ಹೊಂದುತ್ತದೆ ಅಂತ ನೋಡೋದು. ಮಾರ್ಲೆಟ್ ವೇವ್ಲೆಟ್ ಅಂತಾರೆ, ನಾಲ್ಕು ಸಾಲಿನ ಕೋಡ್. ಆ ಹೊಂದಿಕೆಯ ಗ್ರಾಫಿನಲ್ಲಿ ಸಿಕ್ಕ ಗುಡ್ಡದ ತುದಿಯೇ ಆ ಆವರ್ತನದ ಗುಂಪು ತಲುಪಿದ ಹೊತ್ತು. ಪೆಟ್ಟು ಜೋರಿದ್ದರೂ ಮೆತ್ತಗಿದ್ದರೂ ಗುಡ್ಡದ ಎತ್ತರ ಬದಲಾಗುತ್ತದೆ, ತುದಿ ಅಲ್ಲೇ ಇರುತ್ತದೆ.

ವೇಗವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ, ನಿಮ್ಮ ತಗಡಿನಲ್ಲೇ ಅಳೆಯಿರಿ. ಎರಡು ಬಿಲ್ಲೆಗಳನ್ನು ಸೇರಿಸುವ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಆಚೆಗೂ ಮುಂದುವರಿಸಿ, ಆ ಗೆರೆಯ ಮೇಲೆ ಹೊರಗಡೆ ಕಡ್ಡಿ ಮುರಿಯಿರಿ. ಬಿಲ್ಲೆಗಳ ನಡುವಿನ ದೂರವನ್ನು ಹೊತ್ತಿನ ವ್ಯತ್ಯಾಸದಿಂದ ಭಾಗಿಸಿದರೆ ಮುಗಿಯಿತು. ನನಗೆ ಸಿಕ್ಕಿದ್ದು 865ರ ಆಸುಪಾಸು. 900 ದಾಟಿ ಬಂದರೆ ತಗಡು ಮತ್ತೆ ತೂಕ ಹಾಕಿ, ದಪ್ಪ ಜಾಸ್ತಿ ಇರುತ್ತದೆ.

ಜಾಗ ಹುಡುಕೋದಕ್ಕೆ ಸಮೀಕರಣ ಬಿಡಿಸುವ ಗೋಜಿಗೆ ಹೋಗಲಿಲ್ಲ. ತಗಡನ್ನು 5 ಮಿಮೀ ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕದಿಂದ ಹೊರಟರೆ ಎಷ್ಟೆಷ್ಟು ವ್ಯತ್ಯಾಸ ಬರಬೇಕು ಅಂತ ಮೊದಲೇ ಪಟ್ಟಿ ಮಾಡಿ ಇಟ್ಟುಕೊಂಡರೆ, ಅಳೆದದ್ದಕ್ಕೆ ಅತಿ ಹತ್ತಿರದ ಚೌಕವೇ ಉತ್ತರ. ಹದಿನೈದು ಸಾವಿರ ಚೌಕ, ಲ್ಯಾಪ್‌ಟಾಪಿಗೆ ಲೆಕ್ಕಕ್ಕೇ ಇಲ್ಲ. ತ್ರಿಕೋನದ ಒಳಗೆ ಮುರಿದರೆ ಚುಕ್ಕಿ ಒಂದು ಸೆಂಟಿಮೀಟರ್ ಒಳಗೆ ಬೀಳುತ್ತದೆ. ಬಿಲ್ಲೆಯ ಹಿಂದೆ, ಮೂಲೆಯಲ್ಲಿ ಮುರಿದರೆ ಎರಡು ಮೂರು ಸೆಂಟಿಮೀಟರ್ ತಪ್ಪುತ್ತದೆ. ಅಲ್ಲಿ ಜಾಗ ಸ್ವಲ್ಪ ಬದಲಾದರೂ ಹೊತ್ತಿನ ವ್ಯತ್ಯಾಸ ಬದಲಾಗೋದೇ ಇಲ್ಲ, ಮೂರು ಬಿಲ್ಲೆಗೆ ಅಷ್ಟೇ ಶಕ್ತಿ. ನಾಲ್ಕನೆಯದು ಹಾಕಬಹುದು, ಆದರೆ ಪಿಕೋದಲ್ಲಿ ಹೊರಗೆ ಬಂದಿರುವ ಅನಲಾಗ್ ಪಿನ್ ಮೂರೇ.

ಬೆರಳಲ್ಲಿ ತಟ್ಟಿದರೂ ಗೊತ್ತಾಗುವ ಹಾಗೆ ಮಾಡಬಹುದಲ್ಲ, 3 ಕಿಲೋಹರ್ಟ್ಸ್ ಹಿಡಿದರಾಯಿತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 3 ಕಿಲೋಹರ್ಟ್ಸ್‌ನ ಐದು ಸುತ್ತು ಅಂದರೆ 1.7 ಮಿಲಿಸೆಕೆಂಡ್, ಆ ಆವರ್ತನದಲ್ಲಿ ಗುಂಪಿನ ವೇಗ 340 ಮೀಟರ್. ಗುಂಪಿನ ಉದ್ದ 58 ಸೆಂಟಿಮೀಟರ್ ಆಯಿತು, ನಮ್ಮ ತಗಡೇ 61. ತಗಡಿನಷ್ಟೇ ಉದ್ದದ ಅಲೆಯಿಂದ ತಗಡಿನೊಳಗಿನ ಜಾಗ ಕೇಳಿದರೆ ಅದು ಏನು ಹೇಳೀತು? ಉಗುರಿನಲ್ಲಿ ಟಕ್ ಅಂತ ಹೊಡೆದರೆ ಮಾತ್ರ ಕೆಲವು ಸಲ ಸಿಗುತ್ತದೆ.

ಇದೇ ಗಣಿತ ಎಷ್ಟು ಸಣ್ಣದಕ್ಕೂ ಇಳಿಯುತ್ತದೆ ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ. ಲ್ಯಾಂಬ್ ಲೆಕ್ಕದಲ್ಲಿ ಆವರ್ತನ ಬೇರೆ, ದಪ್ಪ ಬೇರೆ ಅಂತ ಇಲ್ಲ, ಎರಡರ ಗುಣಲಬ್ಧ ಮಾತ್ರ ಇದೆ. 1 ಮಿಮೀ ತಗಡಿನಲ್ಲಿ 1 ಮೆಗಾಹರ್ಟ್ಸ್ ಹೇಗೆ ನಡೆದುಕೊಳ್ಳುತ್ತದೋ, ಅದೇ ಲೋಹದ 1 ಮೈಕ್ರಾನ್ ಪದರದಲ್ಲಿ 1 ಗಿಗಾಹರ್ಟ್ಸ್ ಹಾಗೇ ನಡೆದುಕೊಳ್ಳುತ್ತದೆ. ನಿಮ್ಮ ಫೋನಿನೊಳಗೆ ರೇಡಿಯೋ ಸಿಗ್ನಲ್‌ಗಳನ್ನು ಬೇರ್ಪಡಿಸುವ ಫಿಲ್ಟರುಗಳಲ್ಲಿ ಒಂದು ಬಗೆಯವು ಅಲ್ಯೂಮಿನಿಯಂ ನೈಟ್ರೈಡಿನ ಒಂದೆರಡು ಮೈಕ್ರಾನ್ ಪದರಗಳು. ಅದರ ಕೆಳಗೆ ಬೇಕಂತಲೇ ಖಾಲಿ ಜಾಗ ಬಿಟ್ಟಿರುತ್ತಾರೆ, ಎರಡೂ ಮುಖ ಬಿಡುವಾಗಿರಲಿ ಅಂತ, ನಾವು ಪಟ್ಟಿಯನ್ನು ಸ್ಪಂಜಿನ ಮೇಲೆ ಇಟ್ಟದ್ದು ಇದಕ್ಕೇ. ಪದರದ ದಪ್ಪವೇ ಅರ್ಧ ಅಲೆಯುದ್ದ ಆಗುವ ಆವರ್ತನವನ್ನು ಅದು ಆರಿಸಿಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ನಾವು ತಗಡನ್ನು ತೂಕ ಹಾಕಿ ದಪ್ಪ ನೋಡಿದೆವು, ಅವರಿಗೆ ದಪ್ಪ ಕೂದಲೆಳೆಯಷ್ಟಲ್ಲ, ಅದರ ಎಷ್ಟೋ ಸಣ್ಣ ಪಾಲಿನಷ್ಟು ತಪ್ಪಿದರೂ ಬ್ಯಾಂಡೇ ತಪ್ಪುತ್ತದೆ.

ತಗಡಿನ ಬದಲು ಗಾಜು ಬೇಕು ಅನ್ನುವವರಿಗೆ: ಅಲ್ಯೂಮಿನಿಯಂ, ಸ್ಟೀಲ್, ಗಾಜು ಮೂರರಲ್ಲೂ ಎಸ್-ಸೊನ್ನೆ ವೇಗ ಹೆಚ್ಚು ಕಡಿಮೆ 5,300ರಿಂದ 5,400. ಸ್ಟೀಲ್ ಎಷ್ಟು ಗಟ್ಟಿಯೋ ಅಷ್ಟೇ ಭಾರವೂ ಇದೆ, ಅದಕ್ಕೇ ಹೀಗೆ. ಹಾಗಾಗಿ ದಪ್ಪ ಒಂದೇ ಇದ್ದರೆ ಬಾಗುವ ಅಲೆಯ ವೇಗವೂ ಹತ್ತಿರ ಹತ್ತಿರ ಅದೇ. 4 ಮಿಮೀ ಕಿಟಕಿ ಗಾಜಿಗೆ ಮಾತ್ರ 20 ಕಿಲೋಹರ್ಟ್ಸ್‌ನಲ್ಲಿ ವೇಗ 1,600ರ ಹತ್ತಿರ ಹೋಗುತ್ತದೆ, ಅಲೆಯುದ್ದವೂ ದುಪ್ಪಟ್ಟಾಗುತ್ತದೆ, ಚುಕ್ಕಿ ಅಷ್ಟೇ ಒರಟಾಗುತ್ತದೆ. ಆಗ ಆವರ್ತನವನ್ನು 40ಕ್ಕೆ ಏರಿಸಿ, ರೆಸಿಸ್ಟರ್ 470 ಓಮ್ ಮಾಡಿ. ಗಾಜು ಗ್ರೌಂಡ್ ಆಗಲ್ಲ, ಬಿಲ್ಲೆಯ ಹಿತ್ತಾಳೆಗೂ ಒಂದು ತಂತಿ ಬೆಸುಗೆ ಹಾಕಿ ಗ್ರೌಂಡಿಗೆ ತನ್ನಿ. ಅಂಟಿಸಿದ ಬಿಲ್ಲೆಯನ್ನು ಬ್ಲೇಡಿನಿಂದ ಎಬ್ಬಿಸಿ ಮತ್ತೆ ಬಳಸೋಣ ಅಂತ ನೋಡಬೇಡಿ, ಸೆರಾಮಿಕ್ ಕೂದಲಿನಷ್ಟು ಸೀಳಿದ್ದರೂ ಕಣ್ಣಿಗೆ ಕಾಣಲ್ಲ, ಸಿಗ್ನಲ್ ಮಾತ್ರ ಹೋಗಿರುತ್ತದೆ. ಹೊಸದೇ ಹಾಕಿ.